ಆಲ್ಟೊ, ಮಾರುತಿ 800ರ ಟೈಮಿಂಗ್ ಬೆಲ್ಟ್ ಮತ್ತು ಸ್ಪಾರ್ಕ್ ಪ್ಲಗ್: ಮನೆಯಲ್ಲೇ ಬದಲಿಸುವ ಬಗೆ

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಟೈರ್ ನೋಡುತ್ತಾರೆ, ಬ್ಯಾಟರಿ ನೋಡುತ್ತಾರೆ, ಎ.ಸಿ. ತಣ್ಣಗೆ ಬರುತ್ತದಾ ಅಂತ ಕೈ ಹಿಡಿದು ನೋಡುತ್ತಾರೆ. ಟೈಮಿಂಗ್ ಬೆಲ್ಟ್ ಯಾವಾಗ ಬದಲಾಯಿಸಿದ್ದೀರಿ ಎಂದು ಕೇಳುವವರು ತುಂಬ ಕಡಿಮೆ. ಅದು ಪ್ಲಾಸ್ಟಿಕ್ ಕವರಿನ ಒಳಗೆ ಇರುತ್ತದೆ, ಹೊರಗೆ ಕಾಣುವುದಿಲ್ಲ. ಸವೆದಾಗ ಫ್ಯಾನ್ ಬೆಲ್ಟಿನ ಹಾಗೆ ಕಿರುಚುವುದೂ ಇಲ್ಲ. ಓಡುತ್ತಾ ಓಡುತ್ತಾ ಒಂದು ದಿನ ಹರಿಯುತ್ತದೆ, ಎಂಜಿನ್ ಅಲ್ಲೇ ನಿಲ್ಲುತ್ತದೆ. ಅದು ಶಿರಾಡಿ ಘಾಟಿಯ ಮಧ್ಯದಲ್ಲಿ ಆಗಬಹುದು, ನೆಲಮಂಗಲದ ಫ್ಲೈಓವರ್ ಮೇಲೂ ಆಗಬಹುದು.

ಆದ್ದರಿಂದ ಹಳೆ ಕಾರು ಮನೆಗೆ ಬಂದಿದೆ, ಬೆಲ್ಟ್ ಬದಲಿಸಿದ್ದಕ್ಕೆ ಬಿಲ್ ಇಲ್ಲ ಎಂದರೆ ಒಂದೇ ದಾರಿ. ಬದಲಿಸಿಬಿಡಿ. ಈ ಕೆಲಸಕ್ಕೆ ತೋಳಿನ ಬಲ ಹೆಚ್ಚು ಬೇಕಿಲ್ಲ, ಗುರುತುಗಳನ್ನು ಸರಿಯಾಗಿ ನೋಡುವ ತಾಳ್ಮೆ ಬೇಕು. ಆ ತಾಳ್ಮೆ ಇದ್ದವರು, ಸ್ಪ್ಯಾನರ್ ಹಿಡಿದು ಅಭ್ಯಾಸ ಇದ್ದವರು, ಒಂದು ಭಾನುವಾರ ಪೂರ್ತಿ ಇಟ್ಟುಕೊಂಡರೆ ಮನೆ ಮುಂದೆಯೇ ಮಾಡಬಹುದು.

ಇಲ್ಲಿ ಹೇಳುತ್ತಿರುವುದು ಮಾರುತಿಯ 796 ಸಿಸಿ, ಮೂರು ಸಿಲಿಂಡರ್ ಪೆಟ್ರೋಲ್ ಎಂಜಿನ್ ಬಗ್ಗೆ. 1983ರಲ್ಲಿ ಬಂದ ಮಾರುತಿ 800, 2000ದಲ್ಲಿ ಬಂದ ಆಲ್ಟೊ, 2012ರ ಆಲ್ಟೊ 800 ಎಲ್ಲಕ್ಕೂ ಇದೇ ಕುಟುಂಬದ ಎಂಜಿನ್. ಓಮ್ನಿಯದೂ ಅದೇ. ಆದರೆ ಓಮ್ನಿಯಲ್ಲಿ ಎಂಜಿನ್ ಮುಂದಿನ ಸೀಟಿನ ಕೆಳಗೆ ಇರುವುದರಿಂದ ಕೈ ಹಾಕುವ ದಾರಿ ಬೇರೆ. ಕೆಲಸದ ಕ್ರಮ ಮಾತ್ರ ಒಂದೇ.

ನಿಮ್ಮ ಕಾರಿನಲ್ಲಿ ಬೆಲ್ಟ್ ಇದೆಯೇ, ಚೈನೇ?

ಇದನ್ನು ಮೊದಲು ಖಚಿತ ಮಾಡಿಕೊಳ್ಳಿ. ಆಲ್ಟೊ ಹೆಸರು ಇದ್ದ ಮಾತ್ರಕ್ಕೆ ಬೆಲ್ಟ್ ಇರಬೇಕೆಂದಿಲ್ಲ. ಆಲ್ಟೊ ಕೆ10ರಲ್ಲಿ ಇರುವುದು ಚೈನ್. ಸ್ವಿಫ್ಟಿನ ಕೆ ಸೀರೀಸ್ ಪೆಟ್ರೋಲ್ ಎಂಜಿನ್ನಿನಲ್ಲೂ ಚೈನ್. ಹಳೆ ಸ್ಯಾಂಟ್ರೊದಲ್ಲಿ ಬೆಲ್ಟ್. ಚೈನ್ ಇದ್ದವರಿಗೆ ಈ ಲೇಖನದಲ್ಲಿ ಪ್ಲಗ್ ಭಾಗ ಮಾತ್ರ ಉಪಯೋಗಕ್ಕೆ ಬರುತ್ತದೆ.

ಡೀಸೆಲ್ ಎಂಜಿನ್, ಎರಡು ಕ್ಯಾಮ್ ಶಾಫ್ಟ್ (ಸಿಲಿಂಡರಿಗೆ ಗಾಳಿ ಬಿಡುವ, ಹೊಗೆ ಹೊರಬಿಡುವ ವಾಲ್ವ್‌ಗಳನ್ನು ತೆರೆದು ಮುಚ್ಚುವ ದಂಡ) ಇರುವ ಎಂಜಿನ್, ಆಯಿಲ್ ಒಳಗೇ ಮುಳುಗಿ ಓಡುವ ಬೆಲ್ಟ್ ಇರುವ ಎಂಜಿನ್, ಇವು ಯಾವುದನ್ನೂ ಮನೆಯಲ್ಲಿ ಮೊದಲ ಪ್ರಯತ್ನಕ್ಕೆ ತೆಗೆದುಕೊಳ್ಳಬೇಡಿ. ಅವುಗಳಲ್ಲಿ ಶಾಫ್ಟ್‌ಗಳನ್ನು ಅಲುಗಾಡದಂತೆ ಹಿಡಿಯುವ ಬೇರೆಯೇ ಲಾಕಿಂಗ್ ಟೂಲ್ ಬೇಕಾಗುತ್ತದೆ. ಒಂದೇ ಕ್ಯಾಮ್ ಶಾಫ್ಟ್ ಇರುವ ಈ ಮಾರುತಿ ಎಂಜಿನ್ ಕಲಿಯುವುದಕ್ಕೆ ಒಳ್ಳೆಯದು ಅನ್ನುವುದು ಅದಕ್ಕೇ.

ಇನ್ನೊಂದು ಮಾತು. ನಿಮ್ಮ ಕಾರಿನ ಬೆಲ್ಟ್ ಈಗಾಗಲೇ ಓಡುವಾಗ ಹರಿದು ಹೋಗಿದ್ದರೆ ಸುಮ್ನೆ ಹೊಸದು ಹಾಕಿ ಸ್ಟಾರ್ಟ್ ಮಾಡಬೇಡಿ. ವಾಲ್ವ್ ಬಾಗಿದೆಯೇ ಎಂದು ಕಂಪ್ರೆಷನ್ ಪರೀಕ್ಷೆ (ಸಿಲಿಂಡರಿನಲ್ಲಿ ಒತ್ತಡ ನಿಲ್ಲುತ್ತದೆಯೇ ಎಂದು ನೋಡುವುದು) ಮಾಡಿಸಿ, ಆಮೇಲೆ ಮುಂದಿನ ಮಾತು.

ಈ ಬೆಲ್ಟ್ ಏನು ಮಾಡುತ್ತದೆ

ಕೆಳಗೆ ಕ್ರ್ಯಾಂಕ್ ಶಾಫ್ಟ್, ಮೇಲೆ ಕ್ಯಾಮ್ ಶಾಫ್ಟ್. ಪಿಸ್ಟನ್‌ಗಳ ಮೇಲೆ ಕೆಳಗಿನ ಓಟದಿಂದ ಕ್ರ್ಯಾಂಕ್ ತಿರುಗುತ್ತದೆ, ಕ್ಯಾಮ್ ವಾಲ್ವ್‌ಗಳನ್ನು ತೆರೆದು ಮುಚ್ಚುತ್ತದೆ. ಇವೆರಡನ್ನೂ ಜೋಡಿಸುವುದು ಹಲ್ಲು ಇರುವ ಈ ರಬ್ಬರ್ ಬೆಲ್ಟ್. ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ಕ್ಯಾಮ್ ಒಂದು ಸುತ್ತು ತಿರುಗುತ್ತದೆ. ಈ ಎರಡಕ್ಕೆ ಒಂದು ಲೆಕ್ಕವನ್ನು ನೆನಪಿಡಿ, ಮುಂದೆ ಗುರುತು ಕೂಡಿಸುವಾಗ ಇದೇ ಕೈ ಹಿಡಿಯುತ್ತದೆ.

ಬೆಲ್ಟ್ ಹರಿದರೆ ಕ್ಯಾಮ್ ಇದ್ದಲ್ಲೇ ನಿಲ್ಲುತ್ತದೆ. ಕ್ರ್ಯಾಂಕ್ ಓಟದ ವೇಗದಲ್ಲಿ ಇನ್ನೂ ಕೆಲವು ಸುತ್ತು ತಿರುಗುತ್ತದೆ. ಪಿಸ್ಟನ್ ಮತ್ತು ವಾಲ್ವ್ ಒಂದೇ ಜಾಗವನ್ನು ಹಂಚಿಕೊಳ್ಳುವ ಎಂಜಿನ್ ಆದರೆ, ತೆರೆದೇ ಉಳಿದ ವಾಲ್ವಿಗೆ ಪಿಸ್ಟನ್ ಬಡಿದು ವಾಲ್ವ್ ಬಾಗುತ್ತದೆ. ಆಗ ಹೆಡ್ (ಸಿಲಿಂಡರ್‌ಗಳ ಮೇಲಿನ, ವಾಲ್ವ್ ಕೂತಿರುವ ಭಾಗ) ಬಿಚ್ಚಬೇಕು. ಬೆಲ್ಟಿನ ಬೆಲೆಗೂ ಹೆಡ್ ಕೆಲಸದ ಬಿಲ್ಲಿಗೂ ಹೋಲಿಕೆಯೇ ಇಲ್ಲ.

ಬೆಲ್ಟ್ ಎಷ್ಟು ಕಿಲೋಮೀಟರಿಗೆ ಬದಲಿಸಬೇಕು ಎಂಬುದನ್ನು ಕಾರಿನ ಮ್ಯಾನುಯಲ್ ಹೇಳುತ್ತದೆ. ಹೆಚ್ಚಿನ ಕಂಪನಿಗಳ ಲೆಕ್ಕ 60,000 ಕಿ.ಮೀ.ಯಿಂದ 1,00,000 ಕಿ.ಮೀ. ನಡುವೆ ಬರುತ್ತದೆ. ಕಿಲೋಮೀಟರ್ ಒಂದೇ ನೋಡಿದರೆ ಸಾಲದು. ರಬ್ಬರ್ ನಿಂತಲ್ಲೇ ಹಳೆಯದಾಗುತ್ತದೆ. ತಿಂಗಳಿಗೊಮ್ಮೆ ದೇವಸ್ಥಾನಕ್ಕೆ ಹೋಗಿ ಬರುವ ಕಾರಿನ ಬೆಲ್ಟೂ ವರ್ಷ ತುಂಬಿದಂತೆ ಬಿರುಕು ಬಿಡುತ್ತದೆ. ನಿಂತ ಕಾರಿಗೆ ಇಲಿ ಕಾಟ ಬೇರೆ.

ಏನೇನು ತಂದಿಟ್ಟುಕೊಳ್ಳಬೇಕು

ಟೈಮಿಂಗ್ ಬೆಲ್ಟ್ ಜೊತೆಗೆ ಅದನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಬೇರಿಂಗನ್ನೂ ತನ್ನಿ. ಹೊಸ ಬೆಲ್ಟ್ ಹಾಕಿ ಹಳೆ ಬೇರಿಂಗ್ ಬಿಟ್ಟರೆ, ಬೇರಿಂಗ್ ಹಿಡಿದುಕೊಂಡ ದಿನ ಹೊಸ ಬೆಲ್ಟೂ ಹೋಗುತ್ತದೆ. ಟೆನ್ಷನರಿನ ಸ್ಪ್ರಿಂಗ್ ಸಡಿಲವಾಗಿದ್ದರೆ ಅದೂ ಹೊಸದಿರಲಿ. ಕ್ಯಾಮ್ ಮತ್ತು ಕ್ರ್ಯಾಂಕಿನ ಮುಂದಿನ ಆಯಿಲ್ ಸೀಲ್ ಕೂಡ ಕೈಯಲ್ಲಿರಲಿ. ಕವರ್ ಬಿಚ್ಚಿದಾಗ ಒಳಗೆ ಆಯಿಲ್ ಜಿನುಗಿದ್ದು ಕಂಡರೆ ಬೇಕಾಗುತ್ತದೆ. ಆಯಿಲ್ ತಾಗಿದ ಬೆಲ್ಟ್ ಹೆಚ್ಚು ದಿನ ಬಾಳುವುದಿಲ್ಲ. ಫ್ಯಾನ್ ಬೆಲ್ಟನ್ನು ಹೇಗೂ ಬಿಚ್ಚುತ್ತೀರಿ, ಅದರಲ್ಲಿ ಬಿರುಕು ಇದ್ದರೆ ಅದನ್ನೂ ಬದಲಿಸಿ.

ಮೂರು ಸ್ಪಾರ್ಕ್ ಪ್ಲಗ್ ಬೇಕು. ಮ್ಯಾನುಯಲ್‌ನಲ್ಲಿ ಕೊಟ್ಟ ನಂಬರನ್ನೇ ಕೇಳಿ. ನಂಬರಿನಲ್ಲಿರುವ ಅಂಕಿ ಪ್ಲಗ್ ಎಷ್ಟು ಬೇಗ ಶಾಖ ಬಿಟ್ಟುಕೊಡುತ್ತದೆ ಎಂದು ಹೇಳುತ್ತದೆ. ಇಲ್ಲೊಂದು ಗೊಂದಲ ಇದೆ. ಎನ್‌ಜಿಕೆ ಪ್ಲಗ್‌ನಲ್ಲಿ ಅಂಕಿ ದೊಡ್ಡದಾದಷ್ಟೂ ಪ್ಲಗ್ ತಣ್ಣನೆಯದು, ಅಂದರೆ ಶಾಖವನ್ನು ಬೇಗ ಬಿಟ್ಟುಕೊಡುತ್ತದೆ. ಬಾಷ್‌ನಲ್ಲಿ ಇದು ತಿರುಗಾಮುರುಗಾ, ಅಂಕಿ ದೊಡ್ಡದಾದಷ್ಟೂ ಬಿಸಿ. ಅಂಗಡಿಯವರು ಒಂದು ಕಂಪನಿಯ ಬದಲು ಇನ್ನೊಂದು ಕೊಟ್ಟರೆ ಅಂಕಿಯನ್ನು ಅಂಕಿಗೆ ಹೋಲಿಸಬೇಡಿ, ಕಂಪನಿಯ ಪಟ್ಟಿಯಲ್ಲಿ ನಿಮ್ಮ ಕಾರಿನ ಹೆಸರು ಹುಡುಕಿ. ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಕಂಪ್ಯೂಟರ್ ಹಿಡಿತದಲ್ಲಿ ಪೆಟ್ರೋಲ್ ಸಿಂಪಡಿಸುವ) ಕಾರಿಗೆ ರೆಸಿಸ್ಟರ್ ಇರುವ ಪ್ಲಗ್ ಬೇಕು, ಎನ್‌ಜಿಕೆ ನಂಬರಿನಲ್ಲಿ ಅದಕ್ಕೆ 'ಆರ್' ಅಕ್ಷರ ಇರುತ್ತದೆ. ಅದಿಲ್ಲದಿದ್ದರೆ ಕಿಡಿಯಿಂದ ಹುಟ್ಟುವ ಗದ್ದಲ ಕಂಪ್ಯೂಟರಿಗೆ ತೊಂದರೆ ಕೊಡಬಹುದು.

ಬೆಂಗಳೂರಿನ ಹಳೆ ಮೆಕ್ಯಾನಿಕ್‌ಗಳು ಇಂದಿಗೂ ಬಾಷ್ ಪ್ಲಗ್ಗನ್ನು 'ಮೈಕೋ ಪ್ಲಗ್' ಎನ್ನುತ್ತಾರೆ. ಆಡುಗೋಡಿಯ ಮೈಕೋ ಕಾರ್ಖಾನೆ ದಶಕಗಳ ಕಾಲ ಇಡೀ ದೇಶಕ್ಕೆ ಪ್ಲಗ್ ಮಾಡಿ ಕೊಟ್ಟಿತು. 2008ರಲ್ಲಿ ಕಂಪನಿಯ ಹೆಸರು ಬಾಷ್ ಎಂದು ಬದಲಾಯಿತು. ಮೈಕೋ ಲೇಔಟ್ ಎಂಬ ಬಡಾವಣೆಯ ಹೆಸರಿನಲ್ಲಿ ಅದು ಉಳಿದಿದೆ. ನನಗೆ ಈ ಸಂಗತಿ ಬಹಳ ಇಷ್ಟ, ಹಾಗಾಗಿ ಹೇಳಿದೆ.

ಸಾಮಾನು ಎಲ್ಲಿ ಕೊಂಡರೂ ಬಿಲ್ ತೆಗೆದುಕೊಳ್ಳಿ. ಜೆ.ಸಿ. ರಸ್ತೆಯಂಥ ಕಡೆ ಅಸಲಿಯೂ ಸಿಗುತ್ತದೆ, ನಕಲಿಯೂ ಸಿಗುತ್ತದೆ. ಬೇರೆ ಸಾಮಾನಿನಲ್ಲಿ ಉಳಿತಾಯ ಮಾಡಿ, ಟೈಮಿಂಗ್ ಬೆಲ್ಟಿನಲ್ಲಿ ಬೇಡ.

ಟೂಲ್ಸ್ ವಿಷಯಕ್ಕೆ ಬಂದರೆ 8ರಿಂದ 19 ಮಿ.ಮೀ.ವರೆಗಿನ ಸಾಕೆಟ್ ಸೆಟ್, ಒಂದು ಉದ್ದ ಹಿಡಿ, ಎಕ್ಸ್‌ಟೆನ್ಷನ್, ರಿಂಗ್ ಸ್ಪ್ಯಾನರ್‌ಗಳು, ಒಳಗೆ ರಬ್ಬರ್ ಇರುವ ಪ್ಲಗ್ ಸಾಕೆಟ್, ಫೀಲರ್ ಗೇಜ್ (ಸಣ್ಣ ಸಂದು ಅಳೆಯುವ ತೆಳು ಪಟ್ಟಿಗಳು), ಟಾರ್ಚ್ ಮತ್ತು ಬಿಳಿ ವೈಟ್‌ನರ್ ಇರಲಿ. ಜಾಕಿ ಮತ್ತು ಜಾಕ್ ಸ್ಟ್ಯಾಂಡ್ ಬೇಕೇ ಬೇಕು. ಬೋಲ್ಟ್ ಎಷ್ಟು ಬಿಗಿಯಾಯಿತು ಎಂದು ಅಳೆದು ಹೇಳುವ ಟಾರ್ಕ್ ರೆಂಚ್ ಇದ್ದರೆ ತುಂಬ ಒಳ್ಳೆಯದು. ಇಲ್ಲದವರು ಪರಿಚಯದ ಗ್ಯಾರೇಜಿನಿಂದ ಒಂದು ದಿನಕ್ಕೆ ಕೇಳಿ ತನ್ನಿ.

ಶುರು ಮಾಡುವ ಮುಂಚೆ

ಹಿಂದಿನ ರಾತ್ರಿಯೇ ಕಾರನ್ನು ಸಮತಟ್ಟಾದ ಗಟ್ಟಿ ನೆಲದ ಮೇಲೆ ನಿಲ್ಲಿಸಿ. ಎಂಜಿನ್ ಪೂರ್ತಿ ತಣ್ಣಗಾಗಿರಬೇಕು. ಬಿಸಿ ಇರುವಾಗ ಪ್ಲಗ್ ಬಿಚ್ಚಿದರೆ ಅಲ್ಯೂಮಿನಿಯಂ ಹೆಡ್ಡಿನ ಥ್ರೆಡ್ ಕಿತ್ತು ಬರುವ ಅಪಾಯ ಇದೆ.

ಹ್ಯಾಂಡ್ ಬ್ರೇಕ್ ಹಾಕಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಡಿ. ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ. ಕೀಲಿಯನ್ನು ಮನೆ ಒಳಗೆ ಇಡಿ, ಮಕ್ಕಳಿರುವ ಮನೆಯಲ್ಲಿ ಇದು ಮುಖ್ಯ. ಎಂಜಿನ್ನಿನ ಫೋಟೊಗಳನ್ನು ಬೇರೆ ಬೇರೆ ಕಡೆಯಿಂದ ತೆಗೆದುಕೊಳ್ಳಿ. ವೈರ್ ಯಾವುದು ಎಲ್ಲಿ ಹೋಗುತ್ತಿತ್ತು, ಪೈಪ್ ಯಾವುದರ ಹಿಂದೆ ಇತ್ತು ಎಂಬುದಕ್ಕೆ ಸಂಜೆ ಹೊತ್ತಿಗೆ ಅದೇ ಆಧಾರ.

ಫ್ಯಾನ್ ಬೆಲ್ಟ್ ಇರುವ ಕಡೆಯ ಮುಂದಿನ ಚಕ್ರದ ನಟ್‌ಗಳನ್ನು ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲ ಮಾಡಿ. ಆಮೇಲೆ ಜಾಕಿ ಏರಿಸಿ, ಸ್ಟ್ಯಾಂಡ್ ಕೊಟ್ಟು, ಕಾರಿನ ಭಾರ ಸ್ಟ್ಯಾಂಡಿನ ಮೇಲೆ ಕೂತ ಮೇಲೆ ಚಕ್ರ ತೆಗೆಯಿರಿ. ಡಿಕ್ಕಿಯಲ್ಲಿ ಬರುವ ಜಾಕಿ ಸ್ಟೆಪ್ನಿ ಬದಲಿಸಲು ಮಾತ್ರ. ಅದೊಂದನ್ನೇ ನಂಬಿ ಕಾರಿನ ಕೆಳಗೆ ಕೈ ಕಾಲು ಹಾಕಬೇಡಿ. ಇದರಲ್ಲಿ ಯಾವ ರಿಯಾಯಿತಿಯೂ ಇಲ್ಲ.

ಮೊದಲು ಪ್ಲಗ್ ಬಿಚ್ಚಿ

ಪ್ಲಗ್ ಮತ್ತು ಬೆಲ್ಟನ್ನು ಒಂದೇ ದಿನ ಮಾಡಿ ಎಂದು ಹೇಳುವುದಕ್ಕೆ ಕಾರಣ ಇದೆ. ಪ್ಲಗ್ ತೆಗೆದರೆ ಸಿಲಿಂಡರಿನಲ್ಲಿ ಗಾಳಿ ಒತ್ತಡ ಕಟ್ಟುವುದಿಲ್ಲ. ಎಂಜಿನ್ ಕೈಯಲ್ಲೇ ಹಗುರಾಗಿ ತಿರುಗುತ್ತದೆ, ಬೇಕಾದ ಕಡೆ ಸರಿಯಾಗಿ ನಿಲ್ಲುತ್ತದೆ. ಪ್ಲಗ್ ಇದ್ದರೆ ಗುರುತಿನ ಹತ್ತಿರ ಬಂದ ಕ್ರ್ಯಾಂಕ್ ಒತ್ತಡಕ್ಕೆ ಹಿಂದೆ ಮುಂದೆ ಜಾರುತ್ತದೆ.

ಎಚ್‌ಟಿ ವೈರ್ (ಪ್ಲಗ್ಗಿಗೆ ಕರೆಂಟ್ ತರುವ ದಪ್ಪ ವೈರ್) ಇರುವ ಕಾರಾದರೆ ಒಂದೊಂದಕ್ಕೂ 1, 2, 3 ಎಂದು ಟೇಪ್ ಅಂಟಿಸಿ. ಬೆಲ್ಟ್ ಇರುವ ಕಡೆಯದು 1ನೇ ಸಿಲಿಂಡರ್. ಈ ಎಂಜಿನ್ನಿನಲ್ಲಿ ಕಿಡಿ ಹಾರುವ ಕ್ರಮ 1-3-2. ಎರಡು ವೈರ್ ಅದಲು ಬದಲಾದರೆ ಎಂಜಿನ್ ಕುಂಟುತ್ತದೆ, ಆಗ ನೀವು ಬೆಲ್ಟ್ ತಪ್ಪು ಹಾಕಿದೆನಾ ಅಂತ ತಲೆ ಕೆಡಿಸಿಕೊಳ್ಳುತ್ತೀರಿ. ವೈರ್ ಹಿಡಿದು ಎಳೆಯಬೇಡಿ, ತುದಿಯ ರಬ್ಬರ್ ಕ್ಯಾಪ್ ಹಿಡಿದು ಸ್ವಲ್ಪ ತಿರುಗಿಸಿ ಎತ್ತಿ. ಪ್ಲಗ್ ಮೇಲೆ ಕಾಯಿಲ್ ಕೂತಿರುವ ಕಾರಾದರೆ ಕನೆಕ್ಟರ್ ತೆಗೆದು, ಬೋಲ್ಟ್ ಬಿಚ್ಚಿ, ಕಾಯಿಲನ್ನು ನೇರ ಮೇಲಕ್ಕೆ ಎಳೆಯಿರಿ.

ಪ್ಲಗ್ ತಿರುಗಿಸುವ ಮುಂಚೆ ಅದರ ಸುತ್ತ ಇರುವ ಧೂಳನ್ನು ಸೈಕಲ್ ಪಂಪಿನಿಂದ ಊದಿ. ನಮ್ಮ ರಸ್ತೆಗಳ ಮಣ್ಣು ಅಲ್ಲಿ ಕೂತಿರುತ್ತದೆ, ಪ್ಲಗ್ ತೆಗೆದ ಕ್ಷಣ ಒಳಗೆ ಬೀಳುತ್ತದೆ. ಸಾಕೆಟನ್ನು ನೇರವಾಗಿ ಕೂರಿಸಿ. ಓರೆಯಾದರೆ ಬಿಳಿ ಪಿಂಗಾಣಿ ಒಡೆಯುತ್ತದೆ. ಬಿಗಿಯಾಗಿದ್ದರೆ ಸ್ವಲ್ಪ ಸಡಿಲಿಸಿ, ಸ್ವಲ್ಪ ಮತ್ತೆ ಬಿಗಿ ಮಾಡಿ, ಹಾಗೆ ಹಿಂದೆ ಮುಂದೆ ಆಡಿಸುತ್ತಾ ಬಿಚ್ಚಿ. ಬಿಚ್ಚಿದ ತೂತಿಗೆ ಶುದ್ಧ ಬಟ್ಟೆ ಮುಚ್ಚಿ.

ಹಳೆ ಪ್ಲಗ್‌ಗಳನ್ನು ಸಿಲಿಂಡರಿನ ಕ್ರಮದಲ್ಲೇ ಸಾಲಾಗಿ ಇಡಿ. ಇವು ಎಂಜಿನ್ನಿನ ಆರೋಗ್ಯ ಹೇಳುತ್ತವೆ. ತುದಿ ತಿಳಿ ಕಂದು ಅಥವಾ ಬೂದು ಬಣ್ಣಕ್ಕಿದ್ದರೆ ಎಲ್ಲ ಸರಿ ಇದೆ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ, ಮೊದಲು ಏರ್ ಫಿಲ್ಟರ್ ನೋಡಿ. ಆಯಿಲ್‌ನಿಂದ ಜಿಡ್ಡಾಗಿದ್ದರೆ ವಾಲ್ವ್ ಸೀಲ್ ಅಥವಾ ಪಿಸ್ಟನ್ ರಿಂಗ್ ಸವೆದಿದೆ. ತುದಿ ಬೆಳ್ಳಗೆ ಸುಟ್ಟು ಗುಳ್ಳೆ ಎದ್ದಿದ್ದರೆ ಎಂಜಿನ್ ಅತಿ ಬಿಸಿಯಾಗಿ ಓಡಿದೆ ಅಥವಾ ಪ್ಲಗ್ ನಂಬರ್ ತಪ್ಪಿದೆ. ಮೂರರಲ್ಲಿ ಒಂದು ಮಾತ್ರ ಬೇರೆ ಬಣ್ಣ ಇದ್ದರೆ ತೊಂದರೆ ಆ ಒಂದು ಸಿಲಿಂಡರಿನದು. ಫೋಟೊ ತೆಗೆದಿಟ್ಟುಕೊಳ್ಳಿ, ಮೆಕ್ಯಾನಿಕ್‌ಗೆ ತೋರಿಸಲು ಬರುತ್ತದೆ.

ಹೊಸ ಪ್ಲಗ್ ಈಗಲೇ ಹಾಕಬೇಡಿ. ಅದು ಬೆಲ್ಟ್ ಮುಗಿದ ಮೇಲೆ.

ಬೆಲ್ಟಿನ ತನಕ ತಲುಪುವುದು

ಚಕ್ರದ ಒಳಗಿನ ಮಣ್ಣು ತಡೆಯುವ ಶೀಟ್ ಇದ್ದರೆ ತೆಗೆಯಿರಿ. ಈಗ ಕ್ರ್ಯಾಂಕ್ ಪುಲ್ಲಿ ಕಾಣುತ್ತದೆ.

ವಾಟರ್ ಪಂಪಿನ ಪುಲ್ಲಿಯನ್ನು ಹಿಡಿದಿರುವ ಸಣ್ಣ ಬೋಲ್ಟ್‌ಗಳನ್ನು ಫ್ಯಾನ್ ಬೆಲ್ಟ್ ಬಿಗಿಯಾಗಿ ಇರುವಾಗಲೇ ಸಡಿಲಿಸಿ. ಬೆಲ್ಟೇ ಪುಲ್ಲಿಯನ್ನು ತಿರುಗದಂತೆ ಹಿಡಿಯುತ್ತದೆ. ಬೆಲ್ಟ್ ತೆಗೆದ ಮೇಲೆ ಈ ಬೋಲ್ಟ್ ಬಿಚ್ಚಲು ಹೋದರೆ ಪುಲ್ಲಿ ಸುಮ್ನೆ ತಿರುಗುತ್ತಾ ಇರುತ್ತದೆ. ಆಮೇಲೆ ಆಲ್ಟರ್ನೇಟರ್ ಸಡಿಲಿಸಿ ಫ್ಯಾನ್ ಬೆಲ್ಟ್ ತೆಗೆಯಿರಿ. ಎ.ಸಿ. ಇದ್ದರೆ ಅದರ ಬೆಲ್ಟೂ ಹೊರಗೆ.

ಮುಂದೆ ಕ್ರ್ಯಾಂಕ್ ಪುಲ್ಲಿ. ನಡುವಿನ ದೊಡ್ಡ ಬೋಲ್ಟಿನ ಸುತ್ತ ಸಣ್ಣ ಬೋಲ್ಟ್‌ಗಳಿದ್ದರೆ ಅವನ್ನಷ್ಟೇ ಬಿಚ್ಚಿದರೆ ಪುಲ್ಲಿ ಬರುತ್ತದೆ, ದೊಡ್ಡದನ್ನು ಮುಟ್ಟಬೇಕಿಲ್ಲ. ಬಿಚ್ಚುವಾಗ ಕ್ರ್ಯಾಂಕ್ ತಿರುಗಿದರೆ ಟಾಪ್ ಗೇರ್ ಹಾಕಿ, ಒಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ. ಕೆಲಸ ಆದ ತಕ್ಷಣ ನ್ಯೂಟ್ರಲ್‌ಗೆ ತನ್ನಿ. ಸ್ಟಾರ್ಟರ್ ಕೊಟ್ಟು ಬೋಲ್ಟ್ ಸಡಿಲಿಸುವ ಉಪಾಯವನ್ನು ಕೆಲವರು ಹೇಳುತ್ತಾರೆ. ಮಾಡಬೇಡಿ, ಹಿಡಿ ಹಾರಿ ಕೈ ಮುರಿಯುತ್ತದೆ.

ಕೊನೆಗೆ ಪ್ಲಾಸ್ಟಿಕ್ ಟೈಮಿಂಗ್ ಕವರ್. ಇದರ ಬೋಲ್ಟ್‌ಗಳು ಬೇರೆ ಬೇರೆ ಉದ್ದ ಇರಬಹುದು. ಒಂದು ರಟ್ಟಿನ ಮೇಲೆ ಕವರಿನ ಚಿತ್ರ ಬರೆದು, ಆಯಾ ಜಾಗದಲ್ಲಿ ಬೋಲ್ಟ್ ಚುಚ್ಚಿಡಿ.

ಗುರುತು ಕೂಡಿಸುವುದು

ಈ ಭಾಗವನ್ನು ಅವಸರ ಮಾಡದೆ ಓದಿ. ಇಡೀ ಕೆಲಸದ ಜೀವ ಇಲ್ಲಿದೆ.

ಕ್ರ್ಯಾಂಕಿನ ನಡುವಿನ ಬೋಲ್ಟಿಗೆ ಸಾಕೆಟ್ ಹಾಕಿ ಎಂಜಿನ್ನನ್ನು ಕೈಯಲ್ಲೇ ತಿರುಗಿಸಿ. ಬೆಲ್ಟ್ ಕಡೆಯಿಂದ ನೋಡಿದಾಗ ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಮಾತ್ರ. ಹಿಂದಕ್ಕೆ ತಿರುಗಿಸಬೇಡಿ.

ಈಗ ಎರಡು ಜಾಗ ನೋಡಬೇಕು. ಮೇಲೆ ಕ್ಯಾಮ್ ಗೇರಿನ ಮೇಲೆ ಒಂದು ಗುರುತು ಇದೆ, ಅದು ಹೆಡ್ ಕವರಿನ ಮೇಲಿರುವ 'ವಿ' ಆಕಾರದ ಕಚ್ಚಿಗೆ ಎದುರು ಬರಬೇಕು. ಕೆಳಗೆ ಕ್ರ್ಯಾಂಕಿನ ಹಲ್ಲು ಗೇರಿನ ಮೇಲೆ ಒಂದು ಚುಕ್ಕಿ ಇದೆ, ಅದು ಆಯಿಲ್ ಪಂಪಿನ ಮೈ ಮೇಲಿರುವ ಬಾಣಕ್ಕೆ ಎದುರು ಬರಬೇಕು. ಎರಡೂ ಒಟ್ಟಿಗೆ ಕೂಡಬೇಕು.

ಕೆಳಗಿನದು ಕೂಡಿದೆ, ಮೇಲಿನದು ಎಲ್ಲೋ ಆಚೆ ಬದಿ ಇದೆ ಎಂದಾದರೆ ಗಾಬರಿ ಬೇಡ. ಎರಡಕ್ಕೆ ಒಂದು ಲೆಕ್ಕ ಹೇಳಿದ್ದೆನಲ್ಲ, ಕ್ಯಾಮ್ ಅರ್ಧ ಸುತ್ತು ದೂರದಲ್ಲಿದೆ ಅಷ್ಟೇ. ಕ್ರ್ಯಾಂಕನ್ನು ಇನ್ನೊಂದು ಪೂರ್ತಿ ಸುತ್ತು ತಿರುಗಿಸಿ, ಎರಡೂ ಕೂಡುತ್ತವೆ.

ಇಲ್ಲಿ ಹೊಸಬರು ಎಡವುವ ಜಾಗ ಒಂದಿದೆ. ಹೊರಗಿನ ಕ್ರ್ಯಾಂಕ್ ಪುಲ್ಲಿಯ ಮೇಲೂ ಒಂದು ಕಚ್ಚು ಇರುತ್ತದೆ. ಅದು ಇಗ್ನಿಷನ್ ಟೈಮಿಂಗ್ ನೋಡುವುದಕ್ಕೆ. ಬೆಲ್ಟ್ ಹಾಕಲು ಒಳಗಿನ ಹಲ್ಲು ಗೇರಿನ ಚುಕ್ಕಿಯನ್ನೇ ನೋಡಬೇಕು. ಗ್ರೀಸ್, ಮಣ್ಣು ಕೂತು ಚುಕ್ಕಿ ಕಾಣದಿದ್ದರೆ ಬಟ್ಟೆಗೆ ಸ್ವಲ್ಪ ಪೆಟ್ರೋಲ್ ಹಾಕಿ ಒರೆಸಿ. ನಿಂತ ಜಾಗದಿಂದ ಓರೆಯಾಗಿ ನೋಡಿದರೆ ಅರ್ಧ ಹಲ್ಲು ಆಚೀಚೆ ಕಾಣುತ್ತದೆ. ಕಣ್ಣನ್ನು ಗುರುತಿನ ನೇರಕ್ಕೆ ತಂದು ನೋಡಿ, ಕೈ ಹೋಗದ ಕಡೆ ಫೋನ್ ಕ್ಯಾಮೆರಾ ನೇರವಾಗಿ ಹಿಡಿಯಿರಿ.

ಎರಡೂ ಕೂಡಿದ ಮೇಲೆ ಹಳೆ ಬೆಲ್ಟ್ ಮೇಲೆ ವೈಟ್‌ನರ್‌ನಿಂದ ಗೆರೆ ಎಳೆಯಿರಿ, ಒಂದು ಕ್ಯಾಮ್ ಗುರುತಿನ ಎದುರು, ಒಂದು ಕ್ರ್ಯಾಂಕ್ ಗುರುತಿನ ಎದುರು. ಫೋಟೊ ತೆಗೆಯಿರಿ.

ಟೆನ್ಷನರಿನ ಬೋಲ್ಟ್ ಸಡಿಲಿಸಿ, ಅದನ್ನು ಬೆಲ್ಟಿನಿಂದ ದೂರ ತಳ್ಳಿ, ಬೆಲ್ಟ್ ಹೊರಗೆ ತೆಗೆಯಿರಿ. ಇನ್ನು ಮುಂದೆ ಬೆಲ್ಟ್ ಕೂರುವ ತನಕ ಕ್ರ್ಯಾಂಕ್ ಆಗಲಿ ಕ್ಯಾಮ್ ಆಗಲಿ ತಿರುಗಿಸಬಾರದು. ಪಿಸ್ಟನ್ನಿಗೆ ವಾಲ್ವ್ ಬಡಿಯುವ ಸಾಧ್ಯತೆ ಈಗಲೇ ಹೆಚ್ಚು. ವಾಲ್ವ್ ಸ್ಪ್ರಿಂಗಿನ ಒತ್ತಡಕ್ಕೆ ಕ್ಯಾಮ್ ತಾನಾಗಿ ಒಂದು ಹಲ್ಲು ಜಾರಿದರೆ, ಮೆಲ್ಲಗೆ ಸ್ಪ್ಯಾನರ್ ಹಿಡಿದು ಹತ್ತಿರದ ದಾರಿಯಲ್ಲೇ ಗುರುತಿಗೆ ತನ್ನಿ.

ಹಳೆಯದು ಹೇಗಿದೆ ನೋಡಿ. ಬೆನ್ನು ಹೊಳೆಯುತ್ತಿದೆಯೇ, ಹಲ್ಲಿನ ಬುಡದಲ್ಲಿ ಬಿರುಕು ಇದೆಯೇ, ಅಂಚು ಒಂದೇ ಕಡೆ ಸವೆದು ನಾರು ಎದ್ದಿದೆಯೇ? ಒಂದೇ ಅಂಚು ಸವೆದಿದ್ದರೆ ಟೆನ್ಷನರ್ ಓರೆ ಇದೆ. ಆಯಿಲ್ ಒದ್ದೆ ಇದ್ದರೆ ಯಾವ ಸೀಲಿನಿಂದ ಬಂತು ಎಂದು ಹುಡುಕಿ, ಅದನ್ನು ಬದಲಿಸದೆ ಹೊಸ ಬೆಲ್ಟ್ ಹಾಕಬೇಡಿ. ಸೀಲ್ ಬದಲಿಸಲು ಗೇರ್ ತೆಗೆಯಬೇಕು, ಗೇರಿನ ಬೋಲ್ಟ್ ತುಂಬ ಬಿಗಿ ಇರುತ್ತದೆ. ಅಲ್ಲಿ ನಿಮಗೆ ಧೈರ್ಯ ಸಾಲದಿದ್ದರೆ ಒಬ್ಬ ಮೆಕ್ಯಾನಿಕ್‌ನನ್ನು ಮನೆಗೆ ಕರೆಸಿ, ನಾಚಿಕೆ ಪಡುವ ಕೆಲಸ ಅದಲ್ಲ.

ಹೊಸ ಬೆಲ್ಟ್

ಹೊಸದನ್ನೂ ಹಳೆಯದನ್ನೂ ಪಕ್ಕಪಕ್ಕ ಇಟ್ಟು ಹಲ್ಲು ಎಣಿಸಿ. ಅಗಲ, ಹಲ್ಲಿನ ಆಕಾರ ಎರಡೂ ಒಂದೇ ಇರಬೇಕು. ಹಳೆ ಬೆಲ್ಟಿನ ಎರಡು ಬಿಳಿ ಗೆರೆಗಳ ನಡುವಿನ ಹಲ್ಲು ಎಣಿಸಿ, ಹೊಸದರ ಮೇಲೂ ಅಷ್ಟೇ ಅಂತರದಲ್ಲಿ ಗೆರೆ ಹಾಕಿ. ಗುರುತು ಕೂಡಿಸಿದ್ದಕ್ಕೆ ಇದು ಎರಡನೇ ಸಾಕ್ಷಿ.

ಬೆಲ್ಟನ್ನು ಮಡಚಬೇಡಿ, ಒಳಗಿನದನ್ನು ಹೊರಗೆ ಮಾಡಿ ತಿರುಚಬೇಡಿ. ಒಳಗಿನ ನಾರು ಮುರಿದರೆ ಹೊರಗೆ ಏನೂ ಕಾಣುವುದಿಲ್ಲ. ಕೈಗೆ ಆಯಿಲ್ ಇದ್ದರೆ ತೊಳೆದುಕೊಂಡು ಬನ್ನಿ. ಬೆಲ್ಟ್ ಮೇಲೆ ಬಾಣ ಇದ್ದರೆ ಅದು ಎಂಜಿನ್ ತಿರುಗುವ ದಿಕ್ಕಿಗೆ ಇರಲಿ.

ಹೊಸ ಟೆನ್ಷನರ್ ಮತ್ತು ಸ್ಪ್ರಿಂಗ್ ಹಾಕಿ, ಬೋಲ್ಟನ್ನು ಕೈ ಬಿಗಿಗೆ ಬಿಡಿ. ಟೆನ್ಷನರನ್ನು ದೂರ ತಳ್ಳಿ ಹಿಡಿದು ಬೆಲ್ಟನ್ನು ಮೊದಲು ಕ್ರ್ಯಾಂಕ್ ಗೇರಿಗೆ ಕೂರಿಸಿ. ಅಲ್ಲಿಂದ ಟೆನ್ಷನರ್ ಇಲ್ಲದ ಬದಿಯನ್ನು ಪೂರ್ತಿ ಬಿಗಿಯಾಗಿ ಮೇಲೆ ತಂದು ಕ್ಯಾಮ್ ಗೇರಿಗೆ ಹಾಕಿ. ಸಡಿಲ ಇರುವುದೆಲ್ಲ ಟೆನ್ಷನರ್ ಬದಿಗೇ ಬರಬೇಕು. ಆಚೆ ಬದಿಯಲ್ಲಿ ಸಡಿಲ ಉಳಿದರೆ, ಟೆನ್ಷನರ್ ಎಳೆದಾಗ ಕ್ಯಾಮ್ ಒಂದು ಹಲ್ಲು ತಪ್ಪುತ್ತದೆ. ಹೆಚ್ಚಿನ ತಪ್ಪುಗಳು ಆಗುವುದು ಇಲ್ಲೇ.

ಈಗ ಟೆನ್ಷನರ್ ಬಿಡಿ. ಸ್ಪ್ರಿಂಗ್ ತಾನೇ ಎಳೆದು ಬೆಲ್ಟಿಗೆ ಬೇಕಾದ ಬಿಗಿ ಕೊಡುತ್ತದೆ. ಸ್ಕ್ರೂಡ್ರೈವರ್ ಹಾಕಿ ಮೀಟಿ ಇನ್ನಷ್ಟು ಬಿಗಿ ಮಾಡುವ ಅಭ್ಯಾಸ ಒಳ್ಳೆಯದಲ್ಲ. ಅತಿ ಬಿಗಿಯಾದರೆ ಎಂಜಿನ್ ಓಡುವಾಗ ಕೊರೆಯುವಂಥ ಸದ್ದು ಬರುತ್ತದೆ, ಬೇರಿಂಗ್ ಬೇಗ ಹೋಗುತ್ತದೆ.

ಎರಡು ಸುತ್ತು, ಕೈಯಲ್ಲೇ

ಟೆನ್ಷನರ್ ಬೋಲ್ಟ್ ಇನ್ನೂ ಸಡಿಲ ಇರುವಾಗಲೇ ಕ್ರ್ಯಾಂಕನ್ನು ಗಡಿಯಾರದ ದಿಕ್ಕಿನಲ್ಲಿ ಎರಡು ಪೂರ್ತಿ ಸುತ್ತು ತಿರುಗಿಸಿ. ನಿಧಾನವಾಗಿ. ಬೆಲ್ಟ್ ಎಲ್ಲ ಕಡೆ ಸಮನಾಗಿ ಕೂರುತ್ತದೆ, ಕ್ಯಾಮ್ ಒಂದು ಸುತ್ತು ಮುಗಿಸಿ ಗುರುತಿಗೆ ಮರಳುತ್ತದೆ. ನಡುವೆ ಎಲ್ಲಾದರೂ ಗಟ್ಟಿಯಾಗಿ ತಡೆದ ಹಾಗೆ ಆದರೆ ಅಲ್ಲೇ ನಿಲ್ಲಿಸಿ. ಬಲ ಹಾಕಬೇಡಿ. ಅದು ಪಿಸ್ಟನ್ ವಾಲ್ವಿಗೆ ತಾಗಿದ ತಡೆ ಇರಬಹುದು. ಕೈಯಲ್ಲಿ ತಿರುಗಿಸಿದಾಗ ತಾಗಿದರೆ ಏನೂ ಹಾಳಾಗುವುದಿಲ್ಲ, ಸ್ಟಾರ್ಟರ್ ಕೊಟ್ಟಾಗ ತಾಗಿದರೆ ವಾಲ್ವ್ ಬಾಗುತ್ತದೆ. ಆದ್ದರಿಂದಲೇ ಈ ಎರಡು ಸುತ್ತನ್ನು ಯಾರೂ ಬಿಡಬಾರದು, ಎಷ್ಟೇ ಅನುಭವ ಇದ್ದರೂ.

ಎರಡು ಸುತ್ತಿನ ನಂತರ ಮೇಲಿನ ಗುರುತು, ಕೆಳಗಿನ ಗುರುತು ಮತ್ತೆ ನೋಡಿ. ಎರಡೂ ನೇರ ಕೂಡಿದರೆ ಟೆನ್ಷನರ್ ಬೋಲ್ಟನ್ನು ಮ್ಯಾನುಯಲ್ ಹೇಳಿದ ಟಾರ್ಕ್‌ಗೆ ಬಿಗಿ ಮಾಡಿ. ನೀವು ಬೆಲ್ಟ್ ಮೇಲೆ ಹಾಕಿದ ಬಿಳಿ ಗೆರೆಗಳು ಈಗ ಬೇರೆಲ್ಲೋ ಇರುತ್ತವೆ, ಅದು ಸಹಜ. ನೋಡಬೇಕಾದ್ದು ಗೇರಿನ ಗುರುತುಗಳನ್ನು ಮಾತ್ರ.

ಒಂದು ಹಲ್ಲು ತಪ್ಪಿದೆ ಅನ್ನಿಸಿದರೆ ಪರವಾಗಿಲ್ಲ ಅಂತ ಬಿಡಬೇಡಿ. ಒಂದು ಹಲ್ಲು ತಪ್ಪಿದ ಎಂಜಿನ್ ಸ್ಟಾರ್ಟ್ ಆಗುತ್ತದೆ, ಓಡುತ್ತದೆ ಕೂಡ. ಆದರೆ ಐಡ್ಲಿಂಗ್‌ನಲ್ಲಿ ನಡುಗುತ್ತದೆ, ಏರಿನಲ್ಲಿ ಎಳೆಯುವುದಿಲ್ಲ, ಪೆಟ್ರೋಲ್ ಕುಡಿಯುತ್ತದೆ. ಬೆಲ್ಟ್ ತೆಗೆದು ಮತ್ತೆ ಹಾಕಿ.

ಪ್ಲಗ್ ಕೂರಿಸುವುದು

ಕವರ್, ಕ್ರ್ಯಾಂಕ್ ಪುಲ್ಲಿ, ವಾಟರ್ ಪಂಪ್ ಪುಲ್ಲಿ, ಫ್ಯಾನ್ ಬೆಲ್ಟ್ ಬಿಚ್ಚಿದ ಕ್ರಮಕ್ಕೆ ಉಲ್ಟಾ ಹಾಕುತ್ತಾ ಬನ್ನಿ. ಫ್ಯಾನ್ ಬೆಲ್ಟನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿದಾಗ ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಕಡಿಮೆ ತಗ್ಗಬೇಕು.

ಹೊಸ ಪ್ಲಗ್‌ನಲ್ಲಿ ಕಿಡಿ ಹಾರುವ ಗ್ಯಾಪ್ ಅನ್ನು ಫೀಲರ್ ಗೇಜ್ ಹಾಕಿ ನೋಡಿ. ಡಬ್ಬಿಯಿಂದ ಬಂದದ್ದೆಲ್ಲ ಸರಿ ಇರುತ್ತದೆ ಎಂದು ನಂಬಬೇಡಿ, ಸಾಗಾಟದಲ್ಲಿ ಬಿದ್ದಿರಬಹುದು. ಕಾರ್ಬ್ಯುರೇಟರ್ ಇದ್ದ ಹಳೆ ಮಾರುತಿ 800ಗೆ ಸಾಮಾನ್ಯವಾಗಿ 0.7ರಿಂದ 0.8 ಮಿ.ಮೀ., ಎಂಪಿಎಫ್‌ಐ ಕಾರಿಗೆ 1.0ರಿಂದ 1.1 ಮಿ.ಮೀ. ಗ್ಯಾಪ್ ಇಡುತ್ತಾರೆ. ನಿಮ್ಮ ಮ್ಯಾನುಯಲ್ ಹೇಳುವ ಅಂಕಿಯೇ ಅಂತಿಮ. ಹೆಚ್ಚು ಕಡಿಮೆ ಇದ್ದರೆ ಹೊರಗಿನ ಬಾಗಿದ ಕಡ್ಡಿಯನ್ನು ಮಾತ್ರ ಸ್ವಲ್ಪ ಬಗ್ಗಿಸಿ. ಇರಿಡಿಯಂ ಪ್ಲಗ್ ಆದರೆ ನಡುವಿನ ತೆಳು ತುದಿಗೆ ಗೇಜ್ ತಾಗಿಸಿ ಒತ್ತಬೇಡಿ, ಮುರಿಯುತ್ತದೆ.

ಪ್ಲಗ್ಗನ್ನು ಕೈಯಲ್ಲೇ ಶುರು ಮಾಡಿ. ತೂತು ಆಳದಲ್ಲಿದ್ದರೆ ಪ್ಲಗ್ ತಲೆಗೆ ಒಂದು ತುಂಡು ರಬ್ಬರ್ ಪೈಪ್ ಸಿಕ್ಕಿಸಿ ತಿರುಗಿಸಿ. ಓರೆ ಹೋದರೆ ಪೈಪೇ ಜಾರುತ್ತದೆ, ಥ್ರೆಡ್ ಉಳಿಯುತ್ತದೆ. ಕನಿಷ್ಠ ನಾಲ್ಕೈದು ಸುತ್ತು ಹಗುರಾಗಿ ಹೋಗಬೇಕು. ಕೈಯಲ್ಲಿ ಪೂರ್ತಿ ಕೂತ ಮೇಲೆ ಟಾರ್ಕ್ ರೆಂಚ್ ಇದ್ದರೆ ಸುಮಾರು 25 ನ್ಯೂಟನ್ ಮೀಟರ್ ಸಾಕು. ಇಲ್ಲದಿದ್ದರೆ ವಾಷರ್ ಇರುವ ಹೊಸ ಪ್ಲಗ್ಗನ್ನು ಕೈ ಬಿಗಿಯಿಂದ ಅರ್ಧ ಸುತ್ತಿಗಿಂತ ಸ್ವಲ್ಪ ಹೆಚ್ಚು ತಿರುಗಿಸಿ, ಅಷ್ಟೇ. ಅತಿ ಬಿಗಿ ಮಾಡಿದ ಪ್ಲಗ್ ಮುಂದಿನ ಸಲ ಥ್ರೆಡ್ ಜೊತೆಗೇ ಬರುತ್ತದೆ. ಥ್ರೆಡ್ಡಿಗೆ ಗ್ರೀಸ್ ಹಚ್ಚುವ ಅಗತ್ಯ ಇಲ್ಲ, ಹೊಸ ಪ್ಲಗ್‌ಗಳಿಗೆ ಲೇಪನ ಇರುತ್ತದೆ. ಗ್ರೀಸ್ ಇದ್ದರೆ ಅದೇ ಟಾರ್ಕ್‌ಗೆ ಪ್ಲಗ್ ಬೇಕಾದ್ದಕ್ಕಿಂತ ಜಾಸ್ತಿ ಬಿಗಿಯಾಗುತ್ತದೆ.

ವೈರ್‌ಗಳನ್ನು 1, 2, 3 ಟೇಪ್ ನೋಡಿ ಹಾಕಿ. ಕ್ಯಾಪ್ ಕೂತಾಗ ಸಣ್ಣಗೆ ಟಕ್ ಅನ್ನುತ್ತದೆ. ಅದು ಕೇಳಿಸದಿದ್ದರೆ ಇನ್ನೊಮ್ಮೆ ಒತ್ತಿ.

ಸ್ಟಾರ್ಟ್

ಬಾನೆಟ್ ಒಳಗೆ ಸ್ಪ್ಯಾನರ್, ಬಟ್ಟೆ ಏನೂ ಉಳಿದಿಲ್ಲ ಎಂದು ಎಣಿಸಿ ನೋಡಿ. ಚಕ್ರ ಹಾಕಿ, ಕಾರು ಇಳಿಸಿ, ಚಕ್ರದ ನಟ್‌ಗಳನ್ನು ನೆಲದ ಮೇಲೆ ಪೂರ್ತಿ ಬಿಗಿ ಮಾಡಿ. ಗೇರ್ ನ್ಯೂಟ್ರಲ್‌ನಲ್ಲಿ ಇದೆಯಾ ನೋಡಿ, ಬ್ಯಾಟರಿ ಜೋಡಿಸಿ, ಸ್ಟಾರ್ಟ್ ಮಾಡಿ.

ಆಕ್ಸಿಲರೇಟರ್ ಒತ್ತಬೇಡಿ, ಐಡ್ಲಿಂಗ್‌ನಲ್ಲೇ ಬಿಟ್ಟು ಕೇಳಿ. ಮೂರು ಸಿಲಿಂಡರ್ ಎಂಜಿನ್ ಸ್ವಲ್ಪ ಕಂಪಿಸುವುದು ಸಹಜ, ಆ ಕಂಪನ ಮೊದಲಿನಷ್ಟೇ ಇರಬೇಕು. ಟಪಟಪ ಎಂದು ಬಡಿತ ಬಂದರೆ ಕೂಡಲೇ ಆಫ್ ಮಾಡಿ. ಒಂದೇ ಸಮನೆ ಕುಂಟಿದರೆ ಮೊದಲು ಪ್ಲಗ್ ವೈರ್ ನೋಡಿ, ಕಾರಣ ಹೆಚ್ಚಾಗಿ ಅಲ್ಲೇ ಇರುತ್ತದೆ. ವೈರ್ ಸರಿ ಇದ್ದೂ ಕುಂಟಿದರೆ ಕವರ್ ಬಿಚ್ಚಿ ಗುರುತು ನೋಡಬೇಕು. ಚೆಕ್ ಎಂಜಿನ್ ದೀಪ ಉಳಿದುಕೊಂಡರೆ ಕನೆಕ್ಟರ್‌ಗಳನ್ನು ನಿಮ್ಮ ಫೋಟೊ ಜೊತೆ ಹೋಲಿಸಿ. ಡಿಸ್ಟ್ರಿಬ್ಯೂಟರ್ ಇರುವ ಹಳೆ ಕಾರಾದರೆ ಟೈಮಿಂಗ್ ಲೈಟ್ ಇರುವ ಗ್ಯಾರೇಜಿನಲ್ಲಿ ಇಗ್ನಿಷನ್ ಟೈಮಿಂಗ್ ಒಮ್ಮೆ ನೋಡಿಸಿ.

ಎಲ್ಲ ಸರಿ ಇದ್ದರೆ ಊರೊಳಗೆ ನಾಲ್ಕೈದು ಕಿಲೋಮೀಟರ್ ಓಡಿಸಿ ಬನ್ನಿ. ಬಂದ ಮೇಲೆ ಎಂಜಿನ್ ಆರಿಸಿ, ಕವರಿನ ಕೆಳಗೆ ಆಯಿಲ್ ಇಳಿದಿದೆಯೇ ಎಂದು ಟಾರ್ಚ್ ಹಾಕಿ ನೋಡಿ. ಹೊಸ ಫ್ಯಾನ್ ಬೆಲ್ಟ್ ಹಾಕಿದ್ದರೆ ಕೆಲವು ದಿನ ಓಡಿದ ಮೇಲೆ ಸ್ವಲ್ಪ ಸಡಿಲವಾಗುತ್ತದೆ, ಮತ್ತೆ ಬಿಗಿ ಮಾಡಿ.

ಒಂದು ಸ್ಟಿಕ್ಕರ್ ಮೇಲೆ ಇಂದಿನ ತಾರೀಖು, ಓಡೋಮೀಟರಿನ ಅಂಕಿ, ಬೆಲ್ಟ್ ಮತ್ತು ಪ್ಲಗ್ ನಂಬರ್ ಬರೆದು ಟೈಮಿಂಗ್ ಕವರಿಗೆ ಅಂಟಿಸಿ. ಬಿಲ್‌ಗಳನ್ನು ಆರ್.ಸಿ. ಜೊತೆಗೆ ಇಡಿ. ನಾಳೆ ಕಾರು ಮಾರಿದರೆ ಕೊಳ್ಳುವವರಿಗೆ ಅದನ್ನು ಕೊಡಿ.